ಗಡ್ಡ ಬಂದ ಮರಕ್ಕೆ ಔಷಧಿ ಬೇಡ, ಒಂದು ಚೀಟಿ ಸಾಕು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಚಿತ್ರ ಬಂದಿತ್ತು. ಮಲೆನಾಡಿನ ಯಾವುದೋ ಕಾಫಿ ತೋಟದ ಮರ. ಕೊಂಬೆಗಳಿಂದ ಬೂದು ಹಸಿರು ಬಣ್ಣದ ಗಡ್ಡ ಇಳಿಬಿದ್ದಿದೆ. ಕೆಳಗೆ 'ಪರಾವಲಂಬಿ ಪಾಚಿಯ ಕಾಟಕ್ಕೆ ಒಣಗುತ್ತಿರುವ ಮರ' ಅಂತ ಬರೆದಿದ್ದಿರಿ. ಚಿತ್ರ ಚೆನ್ನಾಗಿತ್ತು. ಆದರೆ ಅದು ಪರಾವಲಂಬಿಯಲ್ಲ, ಪಾಚಿಯೂ ಅಲ್ಲ. ಇನ್ನು ಕಾಟ ಅನ್ನೋದು ಆ ಮರವನ್ನು ಕೇಳಿ ಬರೆದದ್ದಲ್ಲ ಅಂದುಕೊಂಡಿದ್ದೇನೆ.

ನಾನು ಸುಮ್ನಿರುತ್ತಿದ್ದೆ. ಆದರೆ ಸೋಮವಾರ ಬೆಳಿಗ್ಗೆ ಎದುರು ಮನೆಯವರು ಅದೇ ಪತ್ರಿಕೆ ಹಿಡಿದುಕೊಂಡು ಬಂದರು. ಅವರಿಗೆ ಹೊಳಲ್ಕೆರೆ ಕಡೆ ತೋಟ ಇದೆ, ಅಡಿಕೆ, ಒಂದಿಷ್ಟು ಮಾವು. "ಅಣ್ಣಾ, ನಮ್ಮ ಮಾವಿನ ಮರಕ್ಕೂ ಇಂಥದ್ದೇ ಹತ್ತಿದೆ. ಬೋರ್ಡೋ ಹೊಡಿಸ್ಬಿಡ್ಲಾ? ಇಲ್ಲ ಕೆರೆಸಿ ಸುಣ್ಣ ಬಳಿಸ್ಲಾ?" ಅಂದರು. ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿ. ಅವರ ಕೈಯಲ್ಲಿ ಆಗಲೇ ಕೂಲಿಯವರ ಫೋನ್ ನಂಬರ್ ಇತ್ತು. ನಿಮ್ಮ ಒಂದು ಸಾಲು ಹೊಳಲ್ಕೆರೆಯ ಮಾವಿನ ಮರದ ತನಕ ಹೋಯಿತು ನೋಡಿ. ಅದಕ್ಕೇ ಈ ಕಾಗದ. ಉದ್ದವಾಗುತ್ತದೆ, ಕ್ಷಮಿಸಿ. ಕತ್ತರಿ ಹಾಕುವುದಾದರೆ ನನ್ನ ಪುರಾಣಕ್ಕೆ ಹಾಕಿ, ಚೀಟಿಯ ವಿಷಯಕ್ಕೆ ಮಾತ್ರ ಬೇಡ. ಚೀಟಿ ಅಂದರೆ ಕಿತ್ತ ಮಾದರಿ ಎಲ್ಲಿಯದು, ಯಾವ ದಿನದ್ದು ಅಂತ ಬರೆದು ಅದರ ಜೊತೆ ಇಡುವ ಕಾಗದ.

ನಾನು ವಿಜ್ಞಾನಿಯಲ್ಲ, ಮೇಷ್ಟ್ರೂ ಅಲ್ಲ. ಕಾಲೇಜೊಂದರ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಆಗಿ 1985ರಲ್ಲಿ ಸೇರಿ 2019ರಲ್ಲಿ ನಿವೃತ್ತನಾದೆ. ಸ್ಲೈಡ್ ತೊಳೆಯುವುದು, ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸುವುದು, ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ ದಾರ ಹೊಲಿಯುವುದು ನನ್ನ ಕೆಲಸ. ಹುಡುಗರು 'ಅಣ್ಣಾ' ಅನ್ನುತ್ತಿದ್ದರು. ಲ್ಯಾಬಿನ ಮೇಷ್ಟ್ರೊಬ್ಬರಿಗೆ ಈ ಗಡ್ಡದ ಹುಚ್ಚಿತ್ತು. ಅವರಿಂದ ನನಗೂ ಅಂಟಿತು.

ಇಂಗ್ಲಿಷಿನಲ್ಲಿ ಇದನ್ನು ಬಿಯರ್ಡ್ ಲೈಕನ್ ಅಂತಾರೆ, ಶಾಸ್ತ್ರದ ಹೆಸರು ಉಸ್ನಿಯಾ. ಅರಬ್ಬಿಯ 'ಉಶ್ನಾ' ಅನ್ನುವ ಶಬ್ದದಿಂದ ಬಂದ ಹೆಸರಂತೆ. ನಾವು ಲ್ಯಾಬಿನಲ್ಲಿ ಗಡ್ಡದ ಕಲ್ಲುಹೂವು ಅನ್ನುತ್ತಿದ್ದೆವು. ಕಲ್ಲುಹೂವು ಅಂದರೆ ಯಾರಿಗೆ ಗೊತ್ತಿಲ್ಲ? ಮಸಾಲೆಗೆ ಹುರಿದು ಹಾಕುವ, ಒಂದು ಕಡೆ ಕಪ್ಪು ಇನ್ನೊಂದು ಕಡೆ ಬೂದು ಬಣ್ಣದ ಆ ಸುರುಟಿದ ಚೂರುಗಳು. ಈ ಗಡ್ಡವೂ ಅದೂ ಒಂದೇ ಕುಟುಂಬದವು. ಒಂದು ಎಲೆಯಂತೆ ಹರಡಿಕೊಂಡಿತು, ಇನ್ನೊಂದು ದಾರದಂತೆ ಇಳಿಯಿತು, ಅಷ್ಟೇ.

ಎರಡೂ ಗಿಡಗಳಲ್ಲ. ಒಂದು ಶಿಲೀಂಧ್ರ, ಅದರೊಳಗೆ ಬರಿಗಣ್ಣಿಗೆ ಕಾಣದ ಹಸಿರು ಪಾಚಿ ಕಣಗಳು. ಶಿಲೀಂಧ್ರದ್ದು ಗೋಡೆ, ಛಾವಣಿ, ನೀರಿನ ಏರ್ಪಾಡು. ಅಡುಗೆ ಪಾಚಿಯದ್ದು, ಬಿಸಿಲಿನಲ್ಲಿ. ಮರದಿಂದ ಇವು ತೆಗೆದುಕೊಳ್ಳುವುದು ನಿಲ್ಲಲು ಜಾಗ ಮಾತ್ರ. ಬೇರಿಲ್ಲ. ತೊಗಟೆಯ ಹೊರಗಿನ ಸತ್ತ ಪದರಕ್ಕೆ ಒಂದು ಗುಬುಟು ಅಂಟಿಸಿಕೊಂಡು ಕೂರುತ್ತವೆ. ನೀರು, ಗೊಬ್ಬರ ಎಲ್ಲ ಗಾಳಿಯಿಂದ, ಮಂಜಿನಿಂದ, ಮಳೆಯಿಂದ. ಈ ಇಬ್ಬರ ಸಂಸಾರದ ಸಂಗತಿಯನ್ನು 1867ರಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡನರ್ ಹೇಳಿದಾಗ ಆಗಿನ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಆ ಪಂಡಿತರ ಪೈಕಿ ಪ್ಯಾರಿಸ್‌ನಲ್ಲಿದ್ದ ನೈಲಾಂಡರ್ ಅಂತ ಒಬ್ಬರು. ಅವರ ಮಾತು ಮುಂದೆ ಬರುತ್ತದೆ.

ಹಾಗಾದರೆ ಒಣಗುವ ಮರದ ಮೇಲೇ ಇದು ಜಾಸ್ತಿ ಕಾಣುವುದೇಕೆ? ಎಲೆ ಉದುರಿದ ಮರದೊಳಗೆ ಬೆಳಕು ಬೀಳುತ್ತದೆ. ಉಸ್ನಿಯಾಕ್ಕೆ ಬೆಳಕು ಬೇಕು. ಮರ ಬೇರೆ ಕಾರಣಕ್ಕೆ ಸೊರಗಿತು, ಬೆಳಕು ಬಿತ್ತು, ಗಡ್ಡ ಬೆಳೆಯಿತು. ಜೊತೆಗೆ ಎಲೆ ಇಲ್ಲದ ಮರದಲ್ಲಿ ಗಡ್ಡ ಎದ್ದು ಕಾಣುತ್ತದೆ. ನಾವು ನೋಡಿದ ಕೂಡಲೇ ತಿರುವುಮುರುವು ಮಾಡಿ, ಗಡ್ಡ ಬಂತು ಮರ ಸತ್ತಿತು ಅಂತೀವಿ. ನಾನು ಗಡ್ಡ ಬಿಟ್ಟದ್ದು ನಿವೃತ್ತಿಯಾದ ಮೇಲೆ. ಗಡ್ಡ ಬಿಟ್ಟಿದ್ದಕ್ಕೇ ನೌಕರಿ ಹೋಯಿತು ಅಂದ ಹಾಗಾಯಿತು.

ಮೊದಲ ಸಲ ಅದನ್ನು ನಾನು ಕೈಯಲ್ಲಿ ಹಿಡಿದದ್ದು 1989ರ ಡಿಸೆಂಬರಿನಲ್ಲಿ, ಬಾಬಾಬುಡನ್‌ಗಿರಿಯ ತಪ್ಪಲಿನ ಒಂದು ಕಾಫಿ ತೋಟದಲ್ಲಿ. ಬೆಳಿಗ್ಗೆ ಎಂಟಾದರೂ ಮಂಜು ಬಿಟ್ಟಿರಲಿಲ್ಲ. ಸಿಲ್ವರ್ ಓಕ್ ಮರಗಳ ಮೈಯೆಲ್ಲ ಗೊಂಚಲು ಗೊಂಚಲು. ಮೇಷ್ಟ್ರು ಒಂದು ಎಳೆಯನ್ನು ಕೈಗೆ ಕೊಟ್ಟು, "ಎರಡೂ ತುದಿ ಹಿಡಿದು ಮೆತ್ತಗೆ ಎಳಿ" ಅಂದರು. ಎಳೆದೆ. ಹೊರಗಿನ ಹಸಿರು ಸಿಪ್ಪೆ ಅಲ್ಲಲ್ಲಿ ಉಂಗುರ ಉಂಗುರವಾಗಿ ಬಿರಿಯಿತು. ಬಿರುಕಿನೊಳಗೆ ಬಿಳಿಯ ನೂಲೊಂದು ಕಂಡಿತು. ಇನ್ನೂ ಎಳೆದರೆ ನೂಲು ಹಿಗ್ಗಿತು, ಬಿಟ್ಟರೆ ಒಳಗೆ ಸೇರಿತು. ಥೇಟ್ ಚಡ್ಡಿಯ ಎಲಾಸ್ಟಿಕ್ಕು. ಸಿಪ್ಪೆ ಬಿರಿದ ಕಡೆ ಮಣಿಸರದಂತೆ ಕಾಣುತ್ತಿತ್ತು. "ಇದೇ ಗುರುತು. ಈ ಬಿಳಿ ನೂಲಿದ್ದರೆ ಉಸ್ನಿಯಾ. ಇಲ್ಲದಿದ್ದರೆ ಎಷ್ಟೇ ಗಡ್ಡದ ಹಾಗಿರಲಿ, ಅಲ್ಲ" ಅಂದರು. ಲೆನ್ಸ್ ಇಟ್ಟು ನೋಡಿದರೆ ಕೆಲವು ಕೊಂಬೆಗಳ ತುದಿಯಲ್ಲಿ ಚಿಕ್ಕ ತಟ್ಟೆಗಳು. ತಟ್ಟೆಯ ಅಂಚಿಗೆ ಕಣ್ಣರೆಪ್ಪೆಯ ಹಾಗೆ ಕೂದಲು. ಮಂಜಿನ ಹನಿ ಒಂದೊಂದು ರೆಪ್ಪೆಯ ಮೇಲೆ ಕೂತಿತ್ತು. ನನಗೆ ಬಸ್ಸಿನ ಹೊತ್ತು ಮರೆತು ಹೋಯಿತು.

ಅವತ್ತೇ ನಾನು ಎರಡು ತಪ್ಪು ಮಾಡಿದೆ. ಈ ಕಾಗದ ಬರೆಯೋಕೆ ನಿಜವಾದ ಅರ್ಹತೆ ಆ ತಪ್ಪುಗಳೇ.

ಮೊದಲನೆಯದು ಪ್ಲಾಸ್ಟಿಕ್ ಕವರ್. ಒದ್ದೆ ಗೊಂಚಲುಗಳನ್ನೆಲ್ಲ ಒಂದೇ ಕವರಿಗೆ ತುಂಬಿ, ಬಾಯಿ ಕಟ್ಟಿ, ಚೀಲದ ತಳಕ್ಕೆ ಹಾಕಿದೆ. ಚಿತ್ರದುರ್ಗಕ್ಕೆ ಬಂದು ಮೂರು ದಿನ ಜ್ವರ ಹಿಡಿದು ಮಲಗಿದೆ. ನಾಲ್ಕನೇ ದಿನ ಕವರ್ ಬಿಚ್ಚಿದರೆ ಬೂಷ್ಟು. ವಾಸನೆಗೆ ನಮ್ಮ ಮನೆಯವಳು "ರೀ, ಅದನ್ನ ಮೊದಲು ಹಿತ್ತಲಿಗೆ ಒಯ್ಯಿರಿ" ಅಂದಳು. ಬೂಷ್ಟು ಹಿಡಿಯದೆ ಉಳಿದದ್ದು ಒಂದು ಹಿಡಿ.

ಎರಡನೆಯದು ದೊಡ್ಡದು. ಉಳಿದ ಆ ಹಿಡಿಯನ್ನು ಒಣಗಿಸಿ, ಪೊಟ್ಟಣ ಕಟ್ಟಿ, ಮೇಲೆ 'ಉಸ್ನಿಯಾ, ಬಾಬಾಬುಡನ್‌ಗಿರಿ' ಅಂತ ಬರೆದು ದೊಡ್ಡ ಹರ್ಬೇರಿಯಂ ಒಂದಕ್ಕೆ, ಅಂದರೆ ಒಣಗಿಸಿದ ಮಾದರಿಗಳನ್ನು ಕಾಪಾಡಿ ಇಡುವ ಜಾಗಕ್ಕೆ, ಅಂಚೆಯಲ್ಲಿ ಕಳಿಸಿದೆವು. ಮೇಷ್ಟ್ರು ಆಗ ಪರೀಕ್ಷೆಯ ಗಡಿಬಿಡಿಯಲ್ಲಿದ್ದರು, ಚೀಟಿ ಬರೆದದ್ದು ನಾನೇ. ಒಂದೂವರೆ ತಿಂಗಳಿಗೆ ಪೋಸ್ಟ್ ಕಾರ್ಡ್ ಬಂತು. ಬೈಗುಳ ಇರಲಿಲ್ಲ, ಬರೀ ಪ್ರಶ್ನೆ. ಗಿರಿಯ ಯಾವ ಕಡೆ? ಎಷ್ಟು ಎತ್ತರ? ಯಾವ ಮರ? ಬುಡದಲ್ಲೋ ತುದಿಯಲ್ಲೋ? ಬಿಸಿಲೋ ನೆರಳೋ? ಯಾವ ದಿನ? ಯಾರು ಕಿತ್ತದ್ದು? ಸಂಖ್ಯೆ ಎಷ್ಟು? ಕೊನೆಗೆ, ಇವಿಷ್ಟು ಇಲ್ಲದೆ ಸೇರಿಸಿಕೊಳ್ಳಲು ಆಗುವುದಿಲ್ಲ ಅಂತ. ನೆನಪಿನಿಂದ ತುಂಬಿ ಕಳಿಸೋಣ ಅಂದೆ. ಮೇಷ್ಟ್ರು ಬೇಡ ಅಂದರು. "ನೆನಪಿನಿಂದ ಬರೆದರೆ ಅದು ಕತೆ ಆಗುತ್ತೆ ಕಣಯ್ಯ." ಮುಂದಿನ ಡಿಸೆಂಬರಿಗೆ ಮತ್ತೆ ಹೋದೆವು.

ಆಮೇಲೆ ಬಹಳ ವರ್ಷಕ್ಕೆ ಇದೇ ಪಾಠ ಅಡುಗೆಮನೆಯಲ್ಲಿ ಮತ್ತೊಮ್ಮೆ ಆಯಿತು. ಗ್ರಂಧಿಗೆ ಅಂಗಡಿಯಿಂದ ಐವತ್ತು ಗ್ರಾಂ ಕಲ್ಲುಹೂವು ತಂದಿದ್ದೆ. ಮನೆಯವಳು ಹುರಿಯೋಕೆ ಅಂತ ಮೊರಕ್ಕೆ ಸುರಿದು ಆರಿಸುತ್ತಿದ್ದಳು. "ಇದೇನ್ರೀ, ತೆಂಗಿನ ನಾರು ಬೆರಸವ್ರೆ" ಅಂತ ಎತ್ತಿ ತೋರಿಸಿದಳು. ನೋಡಿದರೆ ಗಡ್ಡ! ನೀರಿನಲ್ಲಿ ನೆನೆಸಿ ಎಳೆದೆ. ಬಿಳಿ ನೂಲು. ಬೆರಳುದ್ದದ ಒಳ್ಳೆ ಗೊಂಚಲು, ತಟ್ಟೆಗಳ ಸಮೇತ. ಅಂಗಡಿಗೆ ಓಡಿದೆ. ಅವರು "ದಾವಣಗೆರೆ ಹೋಲ್‌ಸೇಲ್‌ನಿಂದ ಬರುತ್ತೆ" ಅಂದರು. ದಾವಣಗೆರೆಗೆ ಹೋದಾಗ ಅಲ್ಲೂ ಕೇಳಿದೆ. "ಉತ್ತರದ ಮಾಲು, ಮೂಟೆಯಲ್ಲಿ ಬರುತ್ತೆ" ಅಂದರು. ಹಿಮಾಲಯದ ಕಾಡುಗಳಿಂದ ಕಲ್ಲುಹೂವು ದೇಶಕ್ಕೆಲ್ಲ ಹೋಗುವುದು ನಿಜ. ಆದರೆ ಯಾವ ಬೆಟ್ಟ, ಯಾವ ಮರ, ಯಾವ ವರ್ಷ? ಒಬ್ಬರಿಗೂ ಗೊತ್ತಿಲ್ಲ. ಅಷ್ಟು ಅಂದದ ಗೊಂಚಲು, ಹರ್ಬೇರಿಯಂಗೆ ಮೂರು ಕಾಸಿಗೂ ಬೇಡ. ಕೊನೆಗೆ ಅದು ಮಸಾಲೆಗೂ ಹೋಗಲಿಲ್ಲ, ಪೊಟ್ಟಣಕ್ಕೂ ಹೋಗಲಿಲ್ಲ. ಮೊಮ್ಮಗಳು ಗೊಂಬೆಗೆ ಗಡ್ಡ ಅಂಟಿಸಿದಳು.

ಅದೇ ಸಾಲಿನಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಉಸ್ನಿಯಾದಲ್ಲಿ ಉಸ್ನಿಕ್ ಆಮ್ಲ ಅಂತ ಇರುತ್ತದೆ, ಆ ಹಳದಿ ಹಸಿರು ಬಣ್ಣ ಅದರದ್ದೇ. ಬೊಜ್ಜು ಕರಗುತ್ತದೆ ಅಂತ ಇದನ್ನು ಮಾತ್ರೆ ಮಾಡಿ ಮಾರಿದ್ದರು. ತಿಂದವರ ಪಿತ್ತಜನಕಾಂಗ, ಅಂದರೆ ಲಿವರ್, ಕೆಟ್ಟು 2001ರಲ್ಲಿ ಅಮೆರಿಕದ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಫೋನಿನಲ್ಲಿ ಬರುವ ಮನೆಮದ್ದು ನೋಡಿ ಗಡ್ಡದ ಕಷಾಯ ಕುಡಿಯಬೇಡಿ.

ಈಗ ಚೀಟಿಯ ವಿಷಯ. 1990ರ ಡಿಸೆಂಬರಿನ ನನ್ನ ಪುಸ್ತಕದಿಂದ ಹಾಗೆಯೇ ಇಳಿಸುತ್ತೇನೆ:

'ಸಂಖ್ಯೆ 57. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ರಸ್ತೆ, ಎಡಕ್ಕೆ ಕಾಫಿ ತೋಟ, ಮೈಲಿಗಲ್ಲಿನಿಂದ ಇನ್ನೂರು ಹೆಜ್ಜೆ ಕೆಳಗೆ. ಸಿಲ್ವರ್ ಓಕ್, ತೊಗಟೆಯ ಮೇಲೆ, ನೆಲದಿಂದ ಆರಡಿ, ಪಶ್ಚಿಮದ ಮುಖ. ಬೆಳಕು ಚೆನ್ನಾಗಿ ಬೀಳುವ ಜಾಗ. ಇಳಿಬಿದ್ದದ್ದು, ಉದ್ದ ಹನ್ನೊಂದು ಸೆಂಟಿಮೀಟರ್. ಒದ್ದೆ ಇದ್ದಾಗ ಬಣ್ಣ ಹಸಿರು, ಒಣಗಿದ ಮೇಲೆ ಬೂದು ಹಳದಿ. ತಟ್ಟೆಗಳಿವೆ. ಆ ಮರದಲ್ಲಿ ಜಾಸ್ತಿ, ಪಕ್ಕದ ಹಲಸಿನಲ್ಲಿ ಇಲ್ಲ.'

ಕೆಳಗೆ ದಿನಾಂಕ, ಮೇಷ್ಟ್ರ ಹೆಸರು, ನನ್ನ ಹೆಸರು. ಇಷ್ಟೇ. 'ಪಕ್ಕದ ಹಲಸಿನಲ್ಲಿ ಇಲ್ಲ' ಅನ್ನುವುದನ್ನು ನಾನು ಸುಮ್ನೆ ಸೇರಿಸಿದ್ದೆ. ಮೇಷ್ಟ್ರು ಅದಕ್ಕೆ ಅಡಿಗೆರೆ ಎಳೆದು "ಇದು ಬಹಳ ಒಳ್ಳೆಯದು" ಅಂದರು. ಇಲ್ಲ ಅಂತ ಬರೆಯುವುದೂ ದಾಖಲೆ ಅಂತ ನನಗೆ ಅವತ್ತು ತಿಳಿಯಿತು.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಅಕ್ಷಾಂಶ, ರೇಖಾಂಶ, ಎತ್ತರ ಎಲ್ಲ ಅದೇ ಹೇಳುತ್ತದೆ. ಬರೆದುಕೊಳ್ಳಿ. ಆದರೂ ಊರು, ಹಳ್ಳ, ಕೆರೆ ಕೋಡಿ, ದೇವಸ್ಥಾನ ಅಂತ ಬಾಯಿಮಾತಿನ ಗುರುತನ್ನೂ ಬಿಡಬೇಡಿ. ಅಂಕಿಯಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಮರ ಸಮುದ್ರದಲ್ಲಿ ಬೆಳೆದ ಹಾಗೆ ಆಗುತ್ತದೆ. ಪೆನ್ಸಿಲ್ ಒಳ್ಳೆಯದು. ಬಾಲ್ ಪೆನ್ನಿನ ಬರಹ ಮಂಕಾಗುತ್ತದೆ, ನೀರು ಬಿದ್ದರೆ ಇಂಕು ಪೆನ್ನಿನದು ಇಳಿದುಹೋಗುತ್ತದೆ. ಸಂಖ್ಯೆಯನ್ನು ವರ್ಷಕ್ಕೊಮ್ಮೆ ಒಂದರಿಂದ ಶುರು ಮಾಡಬೇಡಿ. ಜೀವನಪೂರ್ತಿ ಒಂದೇ ಸಾಲು ನಡೆಯಬೇಕು. ನನ್ನದು ಈಗ 412ಕ್ಕೆ ಬಂದಿದೆ. ಮೂವತ್ತು ಚಿಲ್ಲರೆ ವರ್ಷಕ್ಕೆ ಕಡಿಮೆಯೇ. ಸಂಬಳದ ಕೆಲಸ ಬೇರೆ ಇತ್ತಲ್ವಾ.

ಕೀಳುವುದರಲ್ಲೂ ಒಂದು ಹದ ಇದೆ. ಒಣಗಿದ ಗಡ್ಡ ಹಪ್ಪಳ. ಮುಟ್ಟಿದರೆ ಪುಡಿ. ಮೊದಲು ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಬುಡದ ಗುಬುಟು ಸಮೇತ, ಒಂದು ಚೂರು ತೊಗಟೆ ಸಮೇತ ಚಾಕುವಿನಿಂದ ಎಬ್ಬಿಸಬೇಕು. ಬುಡ ಕಪ್ಪೋ ಅಲ್ಲವೋ ಅನ್ನುವುದು ಜಾತಿ ಗುರುತಿಸುವವರಿಗೆ ಬೇಕು. ಒಂದು ಮರದಿಂದ ಒಂದೆರಡು ಗೊಂಚಲು ಸಾಕು. ಇವು ಬೆಳೆಯುವುದು ಬಹಳ ನಿಧಾನ. ನೀವು ಬೋಳಿಸಿದ್ದು ನಿಮ್ಮ ಕಾಲಕ್ಕೆ ವಾಪಸ್ ಬರುವುದು ಅನುಮಾನ. ಗಾಳಿಗೆ ಬಿದ್ದ ಕೊಂಬೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಒಣಗಿಸೋಕೆ ಹಳೆ ಪೇಪರು. ನಿಮ್ಮದೇ ಪತ್ರಿಕೆ ಬಹಳ ಚೆನ್ನಾಗಿ ನೀರು ಹೀರುತ್ತದೆ, ಮೂವತ್ತು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಭಾನುವಾರದ ನುಣುಪು ಪುರವಣಿ ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. ಬಿಸಿಲಿಗೆ ಇಡಬೇಡಿ, ಒಲೆ ಹತ್ತಿರವಂತೂ ಬೇಡವೇ ಬೇಡ. ಫ್ಯಾನಿನ ಕೆಳಗೆ ಎರಡು ದಿನ ಸಾಕು. ಗಿಡಗಳ ಹಾಗೆ ಭಾರ ಹೇರಿ ಚಪ್ಪಟೆ ಮಾಡಬೇಡಿ, ಹಗುರಾಗಿ ಒಂದು ಪುಸ್ತಕ ಇಟ್ಟರೆ ಆಯಿತು. ಆಮೇಲೆ ಬಿಳಿ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಮಡಚಿ, ಎರಡೂ ಬದಿ ಹಿಂದಕ್ಕೆ ಮಡಚಿ, ಮೇಲಿನ ಭಾಗವನ್ನು ಮುಚ್ಚಳ ಮಾಡಿದರೆ ಪೊಟ್ಟಣ. ದಿನಸಿ ಅಂಗಡಿಯಲ್ಲಿ ಸಾಸಿವೆ ಕಟ್ಟಿಕೊಡುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆಯೇ. ಗೋಂದು ಬೇಡ, ಪಿನ್ ಬೇಡ. ಪಿನ್ ತುಕ್ಕು ಹಿಡಿಯುತ್ತದೆ.

ಹರ್ಬೇರಿಯಂನಲ್ಲಿ ಅದನ್ನು ಮೊದಲು ಕೆಲವು ದಿನ ಫ್ರೀಜರ್‌ನಲ್ಲಿ ಇಟ್ಟು ಹುಳ ಸಾಯಿಸುತ್ತಾರೆ. ಆಮೇಲೆ ಗುರುತಿಸುವ ಕೆಲಸ. ಒಳಗಿನ ಬಿಳಿ ಭಾಗಕ್ಕೆ ಕಾಸ್ಟಿಕ್ ಪೊಟ್ಯಾಷಿನ ಒಂದು ಹನಿ, ಬ್ಲೀಚಿಂಗ್ ದ್ರಾವಣದ ಒಂದು ಹನಿ ಹಾಕಿ, ಹಳದಿಯಾಯಿತೋ ಕೆಂಪಾಯಿತೋ ನೋಡುತ್ತಾರೆ. 1866ರಲ್ಲಿ ಈ ಹನಿ ಪರೀಕ್ಷೆಯನ್ನು ಬಳಕೆಗೆ ತಂದವರು ಅದೇ ನೈಲಾಂಡರ್. ಆಮೇಲೆ ಬ್ಲೇಡಿನಿಂದ ಸೀಳಿ ಸಿಪ್ಪೆ ಎಷ್ಟು ದಪ್ಪ, ನಡುವಿನ ನೂಲು ಎಷ್ಟು ದಪ್ಪ ಅಂತ ಅಳೆಯುತ್ತಾರೆ. ಹೆಸರು ಕೊಟ್ಟವರು ಒಂದು ಪುಟ್ಟ ಚೀಟಿ ಅಂಟಿಸಿ ಸಹಿ ಹಾಕುತ್ತಾರೆ. ಇಪ್ಪತ್ತು ವರ್ಷ ಬಿಟ್ಟು ಇನ್ನೊಬ್ಬರು ಬಂದು, ಇದು ಆ ಜಾತಿಯಲ್ಲ, ಈ ಜಾತಿ ಅಂತ ಇನ್ನೊಂದು ಚೀಟಿ ಅಂಟಿಸುತ್ತಾರೆ. ಹಳೆಯದನ್ನು ಕೀಳುವುದಿಲ್ಲ. ಹೆಸರು ಬದಲಾಗಬಹುದು. ಯಾವ ಮರ, ಯಾವ ದಿನ ಅನ್ನುವ ಕೆಳಗಿನ ಚೀಟಿ ಮಾತ್ರ ಬದಲಾಗುವುದಿಲ್ಲ. ನನ್ನಂಥ ಅಟೆಂಡರ್ ಬರೆದದ್ದು ಅಲ್ಲಿ ಹಾಗೇ ಕೂತಿರುತ್ತದೆ.

'ನಮ್ಮ ಬಯಲುಸೀಮೆಯಲ್ಲಿ ಇದೆಲ್ಲ ಎಲ್ಲಿ ಬರಬೇಕು' ಅಂತ ಕೇಳಬಹುದು. ನಾನೂ ಹುಡುಕಿದ್ದೇನೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟ ಮೂರೂವರೆ ಸಾವಿರ ಅಡಿಗಿಂತ ಎತ್ತರ. ಆಷಾಢದಲ್ಲಿ ಅಲ್ಲಿ ನಿಂತರೆ ಮಂಜು ಮುಖಕ್ಕೆ ರಾಚುತ್ತದೆ, ಗಾಳಿ ಲುಂಗಿ ಕಟ್ಟಿಕೊಳ್ಳೋಕೆ ಬಿಡುವುದಿಲ್ಲ. 2009ರಲ್ಲಿ ಗಾಳಿಗೆ ಬಿದ್ದ ಒಂದು ಕೊಂಬೆಯ ಮೇಲೆ ಬೂದು ಹಸಿರು ಜೂಲು ಕಂಡಿತು. ಎದೆ ಡವಡವ. ಬಾಟಲಿ ನೀರು ಹಾಕಿ ನೆನೆಸಿ ಎಳೆದೆ. ಪಟ್ಟನೆ ತುಂಡಾಯಿತು. ಬಿಳಿ ನೂಲಿಲ್ಲ. ಬೆರಳಿನಲ್ಲಿ ಹೊರಳಿಸಿದರೆ ದುಂಡಗಿಲ್ಲ, ಪಟ್ಟಿಯ ಹಾಗೆ ಚಪ್ಪಟೆ. ಅದು ರಾಮಲಿನಾ, ಬೇರೆ ಕುಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಪುಸ್ತಕದಲ್ಲಿ 'ಉಸ್ನಿಯಾ ಅಲ್ಲ, ರಾಮಲಿನಾ' ಅಂತ ಬರೆದು ಸಂಖ್ಯೆ ಕೊಟ್ಟೆ. ನಾಳೆ ಯಾರಾದರೂ ಅಲ್ಲಿ ನಿಜವಾದ ಗಡ್ಡ ಕಂಡರೆ, 2009ರಲ್ಲಿ ಒಬ್ಬ ಹುಡುಕಿದ್ದ, ಅವನಿಗೆ ಸಿಕ್ಕಿರಲಿಲ್ಲ ಅನ್ನುವುದು ಗೊತ್ತಾಗಬೇಕಲ್ವಾ?

ಇದು ಬರೀ ಹವ್ಯಾಸವಲ್ಲ. ಬೇರಿಲ್ಲದ ಇವು ಗಾಳಿಯಲ್ಲಿ ಬಂದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತವೆ. ಕಲ್ಲಿದ್ದಲು ಹೊಗೆಯ ಗಂಧಕ ಇವಕ್ಕೆ ಆಗುವುದಿಲ್ಲ, ಗಡ್ಡದ ಜಾತಿಯವಕ್ಕಂತೂ ಮೊದಲೇ ಆಗುವುದಿಲ್ಲ. ಪ್ಯಾರಿಸ್‌ನ ಲಕ್ಸೆಂಬರ್ಗ್ ತೋಟದ ಮರಗಳನ್ನು ನೋಡಿ, ಊರಿನ ಗಾಳಿ ಎಷ್ಟು ಶುದ್ಧ ಅನ್ನುವುದನ್ನು ಇವು ಹೇಳುತ್ತವೆ ಅಂತ 1866ರಲ್ಲೇ ಬರೆದವರೂ ನೈಲಾಂಡರ್. ಇಬ್ಬರ ಸಂಸಾರದ ಮಾತನ್ನು ಒಪ್ಪದ ಅದೇ ಮನುಷ್ಯ! ಒಂದರಲ್ಲಿ ತಪ್ಪಿದವರು ಇನ್ನೊಂದರಲ್ಲಿ ಸರಿ ಇರಬಹುದು. ಇವತ್ತು ನಮ್ಮ ಗಾಳಿ ಹೇಗಿದೆ ಅಂತ ಯಂತ್ರ ಹೇಳುತ್ತದೆ. ಐವತ್ತು ವರ್ಷದ ಹಿಂದೆ ಹೇಗಿತ್ತು ಅಂತ ಕೇಳಿದರೆ? ಆಗ ಯಾವ ಮರದಲ್ಲಿ ಏನಿತ್ತು ಅಂತ ಬರೆದಿಟ್ಟ ಪೊಟ್ಟಣ ಇದ್ದರೆ ಉಂಟು.

ಆ ಪೊಟ್ಟಣಗಳ ಗತಿಯನ್ನೂ ಕೇಳಿ. ನಾನು ಕಂಡ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಎರಡು ಮರದ ಕಪಾಟುಗಳ ತುಂಬ ಹಳೆಯ ಮಾದರಿಗಳಿದ್ದವು. ನಾನು ಸೇರುವುದಕ್ಕೂ ಮೊದಲಿನ ಮೇಷ್ಟ್ರುಗಳು ಕೂಡಿಟ್ಟದ್ದು. ಒಂದು ಬೇಸಿಗೆಯಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಸಿದರು. ಕಪಾಟು ವರಾಂಡಕ್ಕೆ ಬಂತು. ಜಾಗ ಉಳಿಯಲಿ ಅಂತ ಯಾರೋ ಪೊಟ್ಟಣಗಳನ್ನೆಲ್ಲ ಸಿಮೆಂಟ್ ಚೀಲಕ್ಕೆ ತುಂಬಿದರು. ಮಳೆ ಬಂತು. ನಾನು ರಜೆ ಮುಗಿಸಿ ಹೋದಾಗ ಚೀಟಿಗಳು ಒಂದು ಕಡೆ, ಕಲ್ಲುಹೂವು ಇನ್ನೊಂದು ಕಡೆ. ಯಾವ ಚೀಟಿ ಯಾವುದಕ್ಕೆ ಸೇರಿದ್ದು? ಮೂರು ದಿನ ಕೂತು ಜೋಡಿಸೋಕೆ ನೋಡಿದೆ. ಹನ್ನೊಂದು ಜೋಡಿ ಆಯಿತು. ಉಳಿದದ್ದು ಕಸದ ಗಾಡಿಗೆ. ಗಾಡಿಯವನು "ಮಸಾಲೆ ಸಾಮಾನು ಯಾಕ್ ಸಾರ್ ಬಿಸಾಕ್ತೀರಾ?" ಅಂತ ಕೇಳಿದ.

ಅದಕ್ಕೇ ನಿಮ್ಮ ಓದುಗರಲ್ಲಿ ಕಾಲೇಜಿನವರಿದ್ದರೆ ಅವರಿಗೆ ನನ್ನ ಬೇಡಿಕೆ. ಹಳೆಯ ಕಪಾಟು ತೆರೆದು ನೋಡಿ. ಚೀಟಿ ಇರುವ ಪೊಟ್ಟಣಗಳ ಪಟ್ಟಿ ಮಾಡಿ. ಇಟ್ಟುಕೊಳ್ಳೋಕೆ ಆಗದಿದ್ದರೆ ಎಸೆಯುವ ಬದಲು ದೊಡ್ಡ ಹರ್ಬೇರಿಯಂಗಳಿಗೆ ಬರೆಯಿರಿ. ಕಲ್ಲುಹೂವುಗಳ ಮಟ್ಟಿಗೆ ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯದು ದೊಡ್ಡ ಸಂಗ್ರಹ. ಈ ವಿದ್ಯೆಗೆ ನಮ್ಮ ದೇಶದಲ್ಲಿ ಬುನಾದಿ ಹಾಕಿದ ಡಿ.ಡಿ. ಅವಸ್ಥಿಯವರು ಕೂಡಿಸಿದ ಮಾದರಿಗಳೂ ಅಲ್ಲಿವೆ. ಸಸ್ಯ ಸರ್ವೇಕ್ಷಣಾ ಇಲಾಖೆಯ ದಕ್ಷಿಣ ವಲಯ ಕೇಂದ್ರ ಕೊಯಮತ್ತೂರಿನಲ್ಲಿದೆ. ಗಿಡಮರಗಳಿಗಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಇದೆ, ಅದರ ಹೆಸರು ಜೆಸಿಬಿ. ನಗಬೇಡಿ, ಇದು ಅಗೆಯುವುದಲ್ಲ, ಕಾಪಾಡುವುದು. ಹಾಸನ ಜಿಲ್ಲೆಯ ಗಿಡಮರಗಳ ಪುಸ್ತಕ 1976ರಲ್ಲೇ ಬಂದದ್ದು ಇಂಥ ಚೀಟಿಗಳ ಬಲದಿಂದ.

ಇನ್ನೊಂದು ಮಾತು ಪಂಚಾಯಿತಿಯವರಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಾನು ನೋಡಿದ ಒಂದು ದಾಖಲಾತಿಯಲ್ಲಿ ಬೇವು, ಹೊಂಗೆ, ನವಿಲು ಎಲ್ಲ ಇದ್ದವು. ಕಲ್ಲುಹೂವು 'ಮಸಾಲೆ ಪದಾರ್ಥ' ಅಂತಲೂ ಇರಲಿಲ್ಲ. ಒಂದು ಸಾಲು ಸೇರಿಸಿ. ಯಾವ ಗುಡ್ಡದ ಬಂಡೆ, ಯಾವ ಮರ, ಯಾವ ಬಣ್ಣ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಜಾಗ ಗೊತ್ತಿದ್ದರೆ ಸಾಕು.

ಹಾಗಂತ ಚಾಕು ಹಿಡಿದು ಜೋಗಿಮಟ್ಟಿಗೆ ಹೊರಡಬೇಡಿ ಮತ್ತೆ! 2015ರಿಂದ ಅದು ವನ್ಯಜೀವಿಧಾಮ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿಂದ ಬಿದ್ದ ಕಡ್ಡಿಯನ್ನೂ ತರುವ ಹಾಗಿಲ್ಲ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗೆ, ಮೀಸಲಾದ ಕಾಡಿಗೂ ಇದೇ ನಿಯಮ. ಫೋಟೋ ತೆಗೆಯಿರಿ, ಚೀಟಿ ಬರೆಯಿರಿ. ಕೀಳುವುದಾದರೆ ನಿಮ್ಮ ತೋಟ, ನಿಮ್ಮ ಹೊಲದ ಬದುವಿನ ಮರ. ಕೋಟೆಯ ಬಂಡೆಗಳ ಮೇಲಿನ ಬೂದು, ಕಿತ್ತಳೆ ಮಚ್ಚೆಗಳೂ ಕಲ್ಲುಹೂವಿನ ಜಾತಿಯೇ. ಅವನ್ನು ಕೆರೆದು ಹೃದಯದ ಚಿತ್ರ ಬಿಡಿಸುವ ಜೋಡಿಗಳಿಗೆ ಏನು ಹೇಳುವುದು? ನಿಮ್ಮ ಪ್ರೀತಿಗಿಂತ ಆ ಮಚ್ಚೆಗೆ ವಯಸ್ಸು ಜಾಸ್ತಿ.

ಎದುರು ಮನೆಯವರ ಕತೆ ಬಾಕಿ ಉಳಿಯಿತು. ಮಂಗಳವಾರ ಅವರ ಬೈಕಿನ ಹಿಂದೆ ಕೂತು ತೋಟಕ್ಕೆ ಹೋದೆ. ಮಾವಿನ ಮರದ್ದು ಗಡ್ಡವಲ್ಲ. ಎಲೆಯಂತೆ ಹರಡಿದ, ಅಂಚು ಸುರುಟಿದ ಕಲ್ಲುಹೂವು, ಅಂಗೈಯಗಲದ ನಾಲ್ಕು ಮಚ್ಚೆ. ಮರ ಗಟ್ಟಿಮುಟ್ಟಾಗಿದೆ. ಬೋರ್ಡೋ ಬೇಡ ಅಂದೆ, ಅದರ ತಾಮ್ರಕ್ಕೆ ಇವು ಸಾಯುತ್ತವೆ, ಮರಕ್ಕೇನೂ ಲಾಭವಿಲ್ಲ. ಒಂದು ಮಚ್ಚೆಯ ಅಂಚಿನಿಂದ ಚೂರು ಎಬ್ಬಿಸಿ ಪೊಟ್ಟಣ ಮಾಡಿ, ಪೆನ್ಸಿಲ್ ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ಯೋಚಿಸಿ ಬರೆದರು. ಊರು, ಕೆರೆ ಕೋಡಿಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ಬಡಗಣ ಮುಖ, ದಿನಾಂಕ. ಕೊನೆಗೆ ನಾನು ಹೇಳದೇ ಇದ್ದ ಒಂದು ಸಾಲು ಸೇರಿಸಿದರು: 'ಮರ ಅಪ್ಪ ನೆಟ್ಟಿದ್ದು, 1979.'

ತೊಗಟೆಯ ವಯಸ್ಸು ಇಷ್ಟು ಖಚಿತವಾಗಿ ನನ್ನ 412 ಚೀಟಿಗಳಲ್ಲಿ ಒಂದರಲ್ಲೂ ಇಲ್ಲ. ಸಂಖ್ಯೆ 413 ಅಂತ ಹಾಕಿ, ಸಂಗ್ರಹಿಸಿದವರು ಅನ್ನುವ ಕಡೆ ಅವರ ಹೆಸರನ್ನೇ ಬರೆಸಿದೆ.

ತಿದ್ದುಪಡಿ ಹಾಕುವಿರೆಂದು ನಂಬಿದ್ದೇನೆ. ಜಾಗ ಕಡಿಮೆ ಇದ್ದರೆ 57ನೇ ಚೀಟಿಯನ್ನಷ್ಟೇ ಅಚ್ಚು ಹಾಕಿ. ಪುರವಣಿಯಲ್ಲಿ ಬೇಡ, ಒಳಪುಟದಲ್ಲಿ.

ಇತಿ,
ನಿವೃತ್ತ ಲ್ಯಾಬ್ ಅಟೆಂಡರ್, ಚಿತ್ರದುರ್ಗ